ಕರಾವಳಿಯಲ್ಲಿ ಅರ್ಥಶಾಸ್ತ್ರದ ಎಂ.ಎ.: ಕೊಣಾಜೆಯೋ, ಪೇಟೆಯ ಕಾಲೇಜೋ, ದೂರಶಿಕ್ಷಣವೋ?

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುತ್ತಾ ಬಂದಂತೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಬಿ.ಎ. ವಿದ್ಯಾರ್ಥಿಗಳಿಂದಲೂ ಅವರ ಹೆತ್ತವರಿಂದಲೂ ಕೇಳಿಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂದಿದೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೋಗುವುದೇ, ಪೇಟೆಯ ಸ್ವಾಯತ್ತ ಕಾಲೇಜಿಗೆ ಸೇರುವುದೇ, ಮನೆಯ ಹತ್ತಿರದ ಸರ್ಕಾರಿ ಕಾಲೇಜಿನಲ್ಲೇ ಮುಂದುವರಿಯುವುದೇ, ಕೆಲಸಕ್ಕೆ ಸೇರಿಕೊಂಡು ದೂರಶಿಕ್ಷಣದಲ್ಲಿ ಓದುವುದೇ, ಇಲ್ಲವೇ ಜಿಲ್ಲೆ ಬಿಟ್ಟು ಹೊರಡುವುದೇ? ಇತ್ತೀಚೆಗೆ ಇದರ ಜೊತೆಗೆ ಇನ್ನೊಂದು ಕಡೆಯಿಂದಲೂ ಪ್ರಶ್ನೆ ಬರುತ್ತಿದೆ. ತಮ್ಮ ಸದಸ್ಯರ ಸ್ಥಿತಿಗತಿಯ ಬಗ್ಗೆ ಒಂದು ಸರಿಯಾದ ಸಮೀಕ್ಷೆ ಮಾಡಿಸಬೇಕು, ಯಾರ ಬಳಿ ಹೋಗಬೇಕು ಎಂದು ಸಹಕಾರಿ ಸಂಘಗಳ ಕಾರ್ಯದರ್ಶಿಗಳು ಕೇಳುತ್ತಾರೆ. ಎರಡೂ ಪ್ರಶ್ನೆಗಳು ಒಂದೇ ಕಡೆಗೆ ಬಂದು ಸೇರುತ್ತವೆ ಎಂಬುದು ನನ್ನ ಅಭಿಪ್ರಾಯ. ಊರಿಗೆ ಉಪಯೋಗವಾಗುವ ಅರ್ಥಶಾಸ್ತ್ರ ವಿಭಾಗವೇ ಸಾಮಾನ್ಯವಾಗಿ ವಿದ್ಯಾರ್ಥಿಗೂ ಒಳ್ಳೆಯ ವಿಭಾಗವಾಗಿರುತ್ತದೆ. ಆದ್ದರಿಂದ ಮೊದಲು ವಿದ್ಯಾರ್ಥಿಗಳ ಆಯ್ಕೆಯನ್ನು ವಿವರವಾಗಿ ನೋಡಿ, ಆಮೇಲೆ ಸಂಘಸಂಸ್ಥೆಗಳ ಪ್ರಶ್ನೆಗೆ ಬರುತ್ತೇನೆ.

ಎಲ್ಲಿ ಓದುವುದು ಎಂಬುದಕ್ಕಿಂತ ಮುಂಚೆ, ಓದಲೇಬೇಕೇ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ನಮ್ಮದು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ನೆಲ. ಹೀಗಾಗಿ ಅರ್ಥಶಾಸ್ತ್ರ ಓದಿದರೆ ಬ್ಯಾಂಕಿನ ಕೆಲಸ ಸಿಗುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿ ಉಳಿದುಕೊಂಡಿದೆ. ಆದರೆ ಇಂದು ಬ್ಯಾಂಕಿನ ಕ್ಲರ್ಕ್ ಅಥವಾ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು. ಅದೊಂದೇ ಗುರಿಯಾದರೆ ಎರಡು ವರ್ಷ ಎಂ.ಎ.ಗೆ ಕೊಡುವುದು ಅನಗತ್ಯ. ಎಂ.ಎ. ಕಡ್ಡಾಯವಾಗುವುದು ಬೇರೆ ದಾರಿಗಳಲ್ಲಿ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ. ಜೊತೆಗೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ ಬೇಕು. ಸರ್ಕಾರಿ ಪಿ.ಯು. ಉಪನ್ಯಾಸಕರಾಗಲು ಎಂ.ಎ. ಜೊತೆಗೆ ಬಿ.ಎಡ್. ಬೇಕು. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಇರಲೇಬೇಕು. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಅಧಿಕಾರಿ ಹುದ್ದೆಗೂ ಹಾಗೆಯೇ. ಇವುಗಳಲ್ಲಿ ಹೆಚ್ಚಿನವಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡಾ 55 ಅಂಕಗಳ ಮಿತಿಯಿದೆ. ಎಲ್ಲಿ ಓದಿದರೂ ಆ ಮಿತಿಯ ಮೇಲೆ ನಿಲ್ಲುವಂತೆ ಓದಬೇಕು, ಇಲ್ಲದಿದ್ದರೆ ಪ್ರಮಾಣಪತ್ರ ಕೈಯಲ್ಲಿದ್ದರೂ ಬಾಗಿಲು ತೆರೆಯುವುದಿಲ್ಲ.

ಯಾವುದನ್ನು ಅಳೆಯಬೇಕು

ಕಟ್ಟಡ, ಕ್ಯಾಂಪಸ್ಸಿನ ಹಸಿರು, ಪ್ರವೇಶ ಪತ್ರಿಕೆಯ ಮೇಲಿನ ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಮಂಡಳಿ) ಶ್ರೇಣಿ, ಇವು ಮೊದಲು ಕಣ್ಣಿಗೆ ಬೀಳುತ್ತವೆ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ಕೊಟ್ಟದ್ದೇ ಹೊರತು ಅರ್ಥಶಾಸ್ತ್ರ ವಿಭಾಗಕ್ಕೆ ಕೊಟ್ಟದ್ದಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ವಿಭಾಗವನ್ನೇ ಅಳೆಯುವುದಾದರೆ ಬೋಧಕರಿಂದ ಆರಂಭಿಸುವುದು ಒಳ್ಳೆಯದು. ಖಾಯಂ ಬೋಧಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಎಂದು ನೇರವಾಗಿ ಕೇಳಿ. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯ ಶಿಕ್ಷಕರಿದ್ದಾರೆ. ಆದರೆ ಮುಂದಿನ ವರ್ಷ ಅವರು ಅಲ್ಲೇ ಇರುತ್ತಾರೆ ಎಂಬ ಖಾತ್ರಿ ಅವರಿಗೂ ಇಲ್ಲ, ವಿದ್ಯಾರ್ಥಿಗೂ ಇಲ್ಲ. ಮೂರನೆಯ ಸೆಮಿಸ್ಟರಿನಲ್ಲಿ ಆರಂಭಿಸಿದ ಕಿರುಪ್ರಬಂಧದ ಮಾರ್ಗದರ್ಶಕರು ನಾಲ್ಕನೆಯದರಲ್ಲಿ ಬದಲಾದರೆ ನಷ್ಟ ವಿದ್ಯಾರ್ಥಿಯದೇ.

ಎರಡನೆಯದು ಗಣಿತ ಮತ್ತು ಸಂಖ್ಯಾಶಾಸ್ತ್ರ. ನಮ್ಮ ಬಿ.ಎ. ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಎಸ್ಸೆಸ್ಸೆಲ್ಸಿಯ ನಂತರ ಗಣಿತ ಬಿಟ್ಟವರು. ಎಂ.ಎ.ಯ ಮೊದಲ ಸೆಮಿಸ್ಟರಿನಲ್ಲೇ ಅವಕಲನ, ಮ್ಯಾಟ್ರಿಕ್ಸ್, ಸಂಭವನೀಯತೆ ಎದುರಾದಾಗ ಅವರು ಕಂಗಾಲಾಗುತ್ತಾರೆ, ಕೆಲವರು ಆ ಪತ್ರಿಕೆಗಳನ್ನು ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ಹಾಗೆ ದಾಟಿದ ಎಂ.ಎ. ಮುಂದೆ ಎಲ್ಲಿಯೂ ಆಸರೆಗೆ ಬರುವುದಿಲ್ಲ. ಮೊದಲ ತಿಂಗಳಲ್ಲಿ ಗಣಿತದ ಸೇತುಬಂಧ ತರಗತಿ ನಡೆಸುತ್ತೀರಾ, ಇಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶಗಳ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ) ಪತ್ರಿಕೆಯನ್ನು ಹಲಗೆಯ ಮೇಲಷ್ಟೇ ಕಲಿಸುತ್ತೀರಾ ಅಥವಾ ವಿದ್ಯಾರ್ಥಿಗಳು ಕಂಪ್ಯೂಟರಿನ ಮುಂದೆ ಕುಳಿತು ಮಾಡುತ್ತಾರಾ ಎಂದು ವಿಭಾಗದಲ್ಲಿ ವಿಚಾರಿಸಿ. ಆರ್ ಮತ್ತು ಗ್ರೆಟ್ಲ್ ಎಂಬ ತಂತ್ರಾಂಶಗಳು ಸಂಪೂರ್ಣ ಉಚಿತವಾಗಿರುವುದರಿಂದ ಹಣವಿಲ್ಲ ಎಂಬುದು ಕಲಿಸದಿರಲು ಕಾರಣವಾಗಲಾರದು.

ಮೂರನೆಯದು ಗ್ರಂಥಾಲಯ. 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಜಾರಿಗೆ ಬಂದಿದ್ದು, 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಅದರ ಅಡಿಯಲ್ಲಿ ದೊರೆಯುತ್ತವೆ. ಇದರ ಮೊದಲ ಹಂತ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಸಂಸ್ಥೆಗಳಿಗಾಗಿ ರೂಪಿಸಿದ್ದು. ಅಂದರೆ ಈ ವಿಷಯದಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗೆ ಖಾಸಗಿ ಸಂಸ್ಥೆಯ ವಿದ್ಯಾರ್ಥಿಗಿಂತ ಮೇಲುಗೈ ಇದೆ, ಅವನು ಅದನ್ನು ಬಳಸಿಕೊಂಡರೆ ಮಾತ್ರ. ಖಾಸಗಿ ಕಾಲೇಜನ್ನು ಪರಿಗಣಿಸುವವರು ಅಲ್ಲಿ ಯಾವ ನಿಯತಕಾಲಿಕೆಗಳಿಗೆ ಸ್ವಂತ ಚಂದಾ ಇದೆ ಎಂದು ಕೇಳಬೇಕು.

ನಾಲ್ಕನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ವಿಭಾಗ ತನ್ನ ವಿದ್ಯಾರ್ಥಿಗಳನ್ನು ಊರಿನೊಳಕ್ಕೆ ಕಳಿಸುತ್ತದೆಯೇ, ಕಳಿಸಿದರೆ ಸಿದ್ಧಪಡಿಸಿ ಕಳಿಸುತ್ತದೆಯೇ? ಅರ್ಥಶಾಸ್ತ್ರ ಕಲಿಯಲು ಈ ಎರಡು ಜಿಲ್ಲೆಗಳಷ್ಟು ಶ್ರೀಮಂತವಾದ ಪ್ರದೇಶ ಸುಲಭಕ್ಕೆ ಸಿಗದು. 1974ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ರಾಜ್ಯದಲ್ಲೇ ಅತ್ಯಂತ ಆಳವಾಗಿ ಕೆಲಸ ಮಾಡಿದ್ದು ಇಲ್ಲಿ. ಗೇಣಿದಾರರಾಗಿದ್ದ ಸಾವಿರಾರು ಕುಟುಂಬಗಳು ಒಡೆಯರಾದ ನಂತರ ಏನಾಯಿತು ಎಂಬುದನ್ನು ಅಜ್ಜ, ಮಗ, ಮೊಮ್ಮಗ ಮೂವರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಕೇಳಬಹುದು. ಅಡಿಕೆ ಬೆಳೆಗಾರರು ಮಧ್ಯವರ್ತಿಗಳ ಹಿಡಿತದಿಂದ ತಪ್ಪಿಸಿಕೊಳ್ಳಲು 1973ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇಂದಿಗೂ ಮಾರುಕಟ್ಟೆಯಲ್ಲಿ ನಿಂತಿದೆ. ಮಲ್ಪೆ ಮತ್ತು ಮಂಗಳೂರಿನ ಬಂದರುಗಳು, ಗೇರುಬೀಜದ ಕಾರ್ಖಾನೆಗಳು, ಕೊಲ್ಲಿ ದೇಶಗಳಿಂದ ಬರುವ ಹಣ, 1982ರಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು, ಇವುಗಳಲ್ಲಿ ಯಾವುದನ್ನು ಹಿಡಿದರೂ ಅದರೊಳಗೆ ಪಠ್ಯಪುಸ್ತಕದ ಒಂದು ಅಧ್ಯಾಯವಿದೆ.

ಆದರೆ ಪ್ರಶ್ನಾವಳಿ ಹಿಡಿದು ಹೋದ ಮಾತ್ರಕ್ಕೆ ಕ್ಷೇತ್ರಕಾರ್ಯವಾಗುವುದಿಲ್ಲ. ಬೀಡಿ ಕಟ್ಟುವ ಹೆಂಗಸಿನ ದುಡಿಮೆಯನ್ನೇ ನೋಡಿ. 'ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ?' ಎಂದು ಕೇಳಿದರೆ ಆಕೆ ಏನೋ ಒಂದು ಸಂಖ್ಯೆ ಹೇಳುತ್ತಾಳೆ, ಆ ಸಂಖ್ಯೆಗೆ ಅರ್ಥವಿರುವುದಿಲ್ಲ. ಏಕೆಂದರೆ ಕೆಲಸ ಗಂಟೆಯ ಲೆಕ್ಕದಲ್ಲಿ ನಡೆಯುವುದಿಲ್ಲ. ಎಲೆಯನ್ನು ಮೊದಲೇ ನೀರು ಹಾಕಿ ಹದಮಾಡಬೇಕು, ಅಳತೆಗೆ ಕತ್ತರಿಸಬೇಕು, ಕತ್ತರಿಸುವಾಗ ಅತ್ತೆ ಕೈಜೋಡಿಸುತ್ತಾರೆ, ನೂಲು ಸುತ್ತುವಾಗ ಮಗಳು ಕೂರುತ್ತಾಳೆ, ನಡುವೆ ಅನ್ನಕ್ಕಿಡಬೇಕು, ದನಕ್ಕೆ ಹುಲ್ಲು ಹಾಕಬೇಕು. ಕೂಲಿ ಬರುವುದು ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಅದೂ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕೊಟ್ಟ ಬೀಡಿಯಲ್ಲಿ ತಿರಸ್ಕೃತವಾದದ್ದನ್ನು ಕಳೆದ ಮೇಲೆ. ಪ್ರತಿಯೊಂದು ಹಂತಕ್ಕೂ ಬೇರೆಯೇ ಪ್ರಶ್ನೆ, ಪ್ರತಿಯೊಬ್ಬರ ಶ್ರಮಕ್ಕೂ ಬೇರೆಯೇ ಕಲಂ ಇರಬೇಕು ಎಂದು ಕಲಿಸುವ ಅಧ್ಯಾಪಕರಿದ್ದರೆ, ಆ ವಿದ್ಯಾರ್ಥಿ ಗೃಹಾಧಾರಿತ ದುಡಿಮೆಯ ಅರ್ಥಶಾಸ್ತ್ರವನ್ನು ಬದುಕಿಡೀ ಮರೆಯುವುದಿಲ್ಲ. ಮೀನುಗಾರಿಕೆಯ ವಿಷಯದಲ್ಲಿಯೂ ಹೀಗೆಯೇ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬೋಟಿನ ಮಾಲೀಕರು ಮಾತಿಗೆ ಸಿಗುತ್ತಾರೆ, ಆದರೆ ಹೊರರಾಜ್ಯಗಳಿಂದ ಬಂದ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಆ ಎರಡು ತಿಂಗಳಲ್ಲಿ ಮಾತ್ರ ಮಾಡಿದ ಸಮೀಕ್ಷೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಅಂಕಿಅಂಶಗಳಿಗೂ ಇಂಥದೇ ಎಚ್ಚರ ಬೇಕು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ 'ದಕ್ಷಿಣ ಕನ್ನಡ'ದ ಅಂಕಿಗಳನ್ನು ಇಂದಿನ ದಕ್ಷಿಣ ಕನ್ನಡದ ಅಂಕಿಗಳೊಂದಿಗೆ ಹಾಗೆಯೇ ಹೋಲಿಸಿ 'ಭತ್ತದ ಪ್ರದೇಶ ಕುಸಿದಿದೆ' ಎಂದು ಬರೆದರೆ ಅದರಲ್ಲಿ ಕುಸಿತವೆಷ್ಟು, ಗಡಿ ಬದಲಾದದ್ದರ ಪರಿಣಾಮವೆಷ್ಟು ಎಂಬುದು ತಿಳಿಯುವುದಿಲ್ಲ. ಎರಡು ಜಿಲ್ಲೆಗಳನ್ನು ಕೂಡಿಸಿ ಹೋಲಿಸಬೇಕು, ಇಲ್ಲವೇ ತಾಲೂಕುವಾರು ಅಂಕಿಗಳಿಗೆ ಇಳಿಯಬೇಕು. ಜಿಲ್ಲಾ ಸಾಂಖ್ಯಿಕ ಕಚೇರಿಯ 'ಜಿಲ್ಲಾ ಅಂಕಿಅಂಶಗಳ ನೋಟ'ವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಇದನ್ನು ಮಾಡಿಸುವ ವಿಭಾಗ ಯಾವುದು ಎಂದು ಹುಡುಕಿ.

ವೆಚ್ಚ ಮತ್ತು ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಎರಡು ಸಂಗತಿಗಳು ಗಮನಕ್ಕಿರಲಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ನಮ್ಮ ಎರಡು ಜಿಲ್ಲೆಗಳಲ್ಲಿ ಓಡುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು. ಹೀಗಾಗಿ ರಾಜ್ಯದ ಬೇರೆಡೆ ವಿದ್ಯಾರ್ಥಿನಿಯರಿಗೆ ಸೊನ್ನೆಯಾದ ಪ್ರಯಾಣ ವೆಚ್ಚ ಇಲ್ಲಿ ಎಷ್ಟೋ ಮಾರ್ಗಗಳಲ್ಲಿ ಇನ್ನೂ ಇದೆ, ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳಬೇಕು. ಇನ್ನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದವರು ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಪ್ರವೇಶದ ಮೊದಲೇ ಖಚಿತಪಡಿಸಿಕೊಳ್ಳಬೇಕು. ಅವಕಾಶವಿದ್ದರೂ ಇಂಗ್ಲಿಷಿನಲ್ಲಿ ಓದುವ ಅಭ್ಯಾಸವನ್ನು ಮೊದಲ ದಿನದಿಂದ ಬೆಳೆಸಿಕೊಳ್ಳಬೇಕು. ನೆಟ್ ಪರೀಕ್ಷೆಯ ಅರ್ಥಶಾಸ್ತ್ರ ಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ವಿಶ್ವವಿದ್ಯಾನಿಲಯದ ವಿಭಾಗ

ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಕೊಣಾಜೆಯ ಗುಡ್ಡದ ಮೇಲೆ ಶುರುವಾದ ಮಂಗಳಗಂಗೋತ್ರಿ 1980ರಲ್ಲಿ ಸ್ವತಂತ್ರ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಇಲ್ಲಿನ ಅರ್ಥಶಾಸ್ತ್ರ ವಿಭಾಗದ ಮುಖ್ಯ ಬಲವೆಂದರೆ ಎಂ.ಎ. ವಿದ್ಯಾರ್ಥಿಗಳ ಜೊತೆಗೇ ಪಿಎಚ್.ಡಿ. ವಿದ್ಯಾರ್ಥಿಗಳೂ ಅದೇ ಕಾರಿಡಾರಿನಲ್ಲಿ ಓಡಾಡುವುದು. ಸಂಶೋಧನೆ ಹೇಗೆ ನಡೆಯುತ್ತದೆ ಎಂಬುದು ಹತ್ತಿರದಿಂದ ಕಾಣಿಸುತ್ತದೆ. ಪ್ರವೇಶಕ್ಕೆ ಮೊದಲೇ ಪಿಎಚ್.ಡಿ. ಪ್ರಬಂಧಗಳ ಸಂಗ್ರಹವಾದ ಶೋಧಗಂಗಾ ಜಾಲತಾಣದಲ್ಲಿ ವಿಭಾಗದ ಹೆಸರು ಹಾಕಿ ಅಲ್ಲಿ ಮಂಡಿತವಾದ ಪ್ರಬಂಧಗಳ ಶೀರ್ಷಿಕೆಗಳನ್ನು ಒಮ್ಮೆ ಓದಿ ನೋಡಿ. ಯಾವ ವಿಷಯಗಳಲ್ಲಿ ಅಲ್ಲಿ ಕೆಲಸ ನಡೆದಿದೆ, ಯಾರು ಮಾರ್ಗದರ್ಶನ ಮಾಡಿದ್ದಾರೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಯಾವುದೇ ಪ್ರವೇಶ ಪತ್ರಿಕೆಗಿಂತ ಇದು ಹೆಚ್ಚು ನಂಬಬಹುದಾದ ಮಾಹಿತಿ.

ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಸಾಕಷ್ಟು ಕಡಿಮೆ. ಕ್ಯಾಂಪಸ್ಸಿನಲ್ಲಿ ಹಾಸ್ಟೆಲ್ ಇದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನ ಮೂಲಕ ಬರುವ ನೆರವು ಸೇರಿದರೆ ಬಡ ಕುಟುಂಬದ ವಿದ್ಯಾರ್ಥಿಯೂ ಇಲ್ಲಿ ಓದಬಹುದು. ವಿದ್ಯಾರ್ಥಿವೇತನದ ಹಣ ಖಾತೆಗೆ ಬರುವುದು ತಡವಾಗುವುದುಂಟು. ಮೊದಲ ಸೆಮಿಸ್ಟರಿನ ಖರ್ಚಿಗೆ ಬೇರೆ ವ್ಯವಸ್ಥೆ ಇಟ್ಟುಕೊಳ್ಳಬೇಕು.

ಇದರ ಎದುರು ಎರಡು ಮಿತಿಗಳಿವೆ. ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಖಾಯಂ ಹುದ್ದೆಗಳು ವರ್ಷಗಟ್ಟಲೆ ಖಾಲಿ ಉಳಿಯುವುದು ಎಲ್ಲರಿಗೂ ತಿಳಿದ ಸಂಗತಿ. ನಿವೃತ್ತರಾದ ಹಿರಿಯ ಪ್ರಾಧ್ಯಾಪಕರ ಹೆಸರಿನ ಮೇಲೆ ಕಟ್ಟಿಕೊಂಡ ಕೀರ್ತಿ ಇಂದಿನ ತರಗತಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಈಗ ಓದುತ್ತಿರುವ ವಿದ್ಯಾರ್ಥಿಗಳನ್ನೇ ಕೇಳಿ ತಿಳಿಯಬೇಕು. ಇನ್ನೊಂದು ದೂರ. ಮಂಗಳೂರು ಪೇಟೆಯಿಂದ ಕೊಣಾಜೆಗೆ ಸುಮಾರು 20 ಕಿ.ಮೀ. ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ತೊಕ್ಕೊಟ್ಟು, ದೇರಳಕಟ್ಟೆ ಮಾರ್ಗವಾಗಿ ಬಸ್ಸುಗಳು ಸಾಕಷ್ಟಿವೆ. ಆದರೆ ಉಡುಪಿಯಿಂದ ದಿನವೂ ಬಂದು ಹೋಗುವುದೆಂದರೆ ಎರಡು ಬಸ್ಸು ಬದಲಿಸಿ ದಿನದ ನಾಲ್ಕೈದು ಗಂಟೆ ರಸ್ತೆಯ ಮೇಲೆ ಕಳೆಯುವುದು. ಕುಂದಾಪುರ, ಬೈಂದೂರಿನವರಿಗೆ ಅದು ಸಾಧ್ಯವೇ ಇಲ್ಲ. ಉಡುಪಿ ಜಿಲ್ಲೆಯ ವಿದ್ಯಾರ್ಥಿಗೆ ಹಾಸ್ಟೆಲ್ ಸಿಕ್ಕರೆ ಕೊಣಾಜೆ ಒಳ್ಳೆಯ ಆಯ್ಕೆ. ಸಿಗದಿದ್ದರೆ ಪ್ರಯಾಣದಲ್ಲೇ ಓದಿನ ಸಮಯ ಕರಗಿಹೋಗುತ್ತದೆ.

ಸ್ವಾಯತ್ತ ಕಾಲೇಜುಗಳು ಮತ್ತು ಡೀಮ್ಡ್ ವಿಶ್ವವಿದ್ಯಾನಿಲಯಗಳು

1880ರಲ್ಲಿ ಸ್ಥಾಪನೆಯಾಗಿ 2024ರಲ್ಲಿ ಡೀಮ್ಡ್ (ವಿಶ್ವವಿದ್ಯಾನಿಲಯಕ್ಕೆ ಸಮಾನವೆಂದು ಪರಿಗಣಿತ) ವಿಶ್ವವಿದ್ಯಾನಿಲಯದ ಸ್ಥಾನ ಪಡೆದ ಮಂಗಳೂರಿನ ಸಂತ ಅಲೋಶಿಯಸ್, ಉಜಿರೆಯ ಎಸ್.ಡಿ.ಎಂ. ಸ್ವಾಯತ್ತ ಕಾಲೇಜು, ಇಂಥ ಸಂಸ್ಥೆಗಳು ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳಬಲ್ಲವು. ದತ್ತಾಂಶ ವಿಶ್ಲೇಷಣೆ, ಹಣಕಾಸು ಮಾರುಕಟ್ಟೆಯಂಥ ಹೊಸ ಪತ್ರಿಕೆಗಳು ಇಲ್ಲಿ ಬೇಗ ಬರುತ್ತವೆ. ತರಗತಿ, ಪರೀಕ್ಷೆ, ಫಲಿತಾಂಶ ಎಲ್ಲವೂ ಹೇಳಿದ ದಿನಕ್ಕೆ ನಡೆಯುವುದು ದೊಡ್ಡ ಅನುಕೂಲ. ಜೂನ್‌ನಲ್ಲಿ ಫಲಿತಾಂಶ ಕೈಗೆ ಸಿಕ್ಕಿದವನು ಆ ವರ್ಷವೇ ಬಿ.ಎಡ್.ಗೋ ಪಿಎಚ್.ಡಿ.ಗೋ ಅರ್ಜಿ ಹಾಕಬಲ್ಲ; ಫಲಿತಾಂಶ ತಡವಾದವನು ಒಂದು ವರ್ಷವನ್ನೇ ಕಳೆದುಕೊಳ್ಳಬಹುದು. ಪೇಟೆಯಲ್ಲಿರುವುದರಿಂದ ಸಂಜೆ ಹೊತ್ತು ಟ್ಯೂಷನ್ ಹೇಳಿಯೋ ಲೆಕ್ಕಪತ್ರ ಬರೆದೋ ಒಂದಿಷ್ಟು ಸಂಪಾದಿಸಲು ಅವಕಾಶವೂ ಇದೆ.

ಶುಲ್ಕ ಹೆಚ್ಚು. ಬಾಡಿಗೆ, ಊಟ ಸೇರಿಸಿದರೆ ಇನ್ನೂ ಹೆಚ್ಚು. ಅರ್ಥಶಾಸ್ತ್ರದ ಎಂ.ಎ.ಗೆ ಸೇರುವವರ ಸಂಖ್ಯೆ ಕಡಿಮೆಯಾದ ವರ್ಷಗಳಲ್ಲಿ ಖಾಸಗಿ ಸಂಸ್ಥೆಗಳು ಕೋರ್ಸನ್ನೇ ನಡೆಸದಿರುವ ಸಾಧ್ಯತೆಯೂ ಇದೆ. ಆದ್ದರಿಂದ ಆ ವರ್ಷದ ಪ್ರವೇಶ ಪ್ರಕಟಣೆ ನೋಡಿಯೇ ಮುಂದುವರಿಯಬೇಕು. ಆದರೆ ಚಿಕ್ಕ ತರಗತಿ ಎಂಬುದು ದೋಷವಲ್ಲ. ಹನ್ನೆರಡು ಮಂದಿಯ ತರಗತಿಯಲ್ಲಿ ಗಣಿತ ಬಾರದವನು ಯಾರೆಂದು ಅಧ್ಯಾಪಕರಿಗೆ ಎರಡನೆಯ ವಾರದಲ್ಲೇ ಗೊತ್ತಾಗುತ್ತದೆ, ಅವನಿಗೆ ಬೇಕಾದ ಗಮನವೂ ಸಿಗುತ್ತದೆ. ಕೈಯಲ್ಲಿ ಹಣವಿದ್ದು, ಗಣಿತದ ಭಯವೂ ಇರುವ ವಿದ್ಯಾರ್ಥಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸ್ನಾತಕೋತ್ತರ ವಿಭಾಗ

ಎರಡೂ ಜಿಲ್ಲೆಗಳ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಸ್ನಾತಕೋತ್ತರ ತರಗತಿಗಳಿವೆ. ಇವುಗಳ ಬೆಲೆಯನ್ನು ಪೇಟೆಯವರು ಅರಿಯುವುದಿಲ್ಲ. ಮದುವೆಯ ಮಾತುಕತೆ ಆರಂಭವಾಗಿರುವ ಹುಡುಗಿಗೆ, ಕಾಯಿಲೆಯ ತಂದೆಯನ್ನು ನೋಡಿಕೊಳ್ಳುವ ಹುಡುಗನಿಗೆ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ತರಗತಿಗೆ ಬರುವವರಿಗೆ ಇದೇ ಏಕೈಕ ದಾರಿ, ಇಲ್ಲಿ ಎಂ.ಎ. ಇಲ್ಲದಿದ್ದರೆ ಅವರ ಓದು ಬಿ.ಎ.ಗೇ ನಿಲ್ಲುತ್ತಿತ್ತು. ಶುಲ್ಕ ಅತ್ಯಂತ ಕಡಿಮೆ, ಪದವಿ ವಿಶ್ವವಿದ್ಯಾನಿಲಯದ್ದೇ. ಕೊರತೆಯೆಂದರೆ ಗ್ರಂಥಾಲಯ ಚಿಕ್ಕದು, ಅತಿಥಿ ಉಪನ್ಯಾಸಕರ ಮೇಲಿನ ಅವಲಂಬನೆ ಹೆಚ್ಚು, ಸಂಶೋಧನೆಯ ವಾತಾವರಣ ಕಡಿಮೆ.

ಈ ಕೊರತೆಗಳನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ಎಂ.ಎ. ಅರ್ಥಶಾಸ್ತ್ರದ ಪಾಠಪುಸ್ತಕಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ, ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ವೇದಿಕೆಯಲ್ಲಿ ಸಂಖ್ಯಾಶಾಸ್ತ್ರ ಮತ್ತು ಇಕನಾಮೆಟ್ರಿಕ್ಸ್ ಪಾಠಗಳ ವೀಡಿಯೊಗಳಿವೆ. ವಾರಕ್ಕೆ ಆರು ಗಂಟೆ ಇವುಗಳಿಗೆ ಮೀಸಲಿಡುವ ವಿದ್ಯಾರ್ಥಿ ದೊಡ್ಡ ಕ್ಯಾಂಪಸ್ಸಿನ ಅಲಕ್ಷ್ಯದ ವಿದ್ಯಾರ್ಥಿಗಿಂತ ಮುಂದೆ ಹೋಗುವುದು ಖಂಡಿತ.

ದೂರಶಿಕ್ಷಣ

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (1996) ಮತ್ತು ಇಗ್ನೋ (1985) ನಮ್ಮವರ ಮುಂದಿರುವ ಎರಡು ಮುಖ್ಯ ದಾರಿಗಳು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆಯಿರುವ ದೂರಶಿಕ್ಷಣದ ಪದವಿ ನಿಯಮಿತ ಪದವಿಗೆ ಸಮಾನ ಎಂದು 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ. ಆದರೂ ಸೇರುವ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಸ್ವತಃ ನೋಡಿಕೊಳ್ಳಬೇಕು. ಮಧ್ಯವರ್ತಿ ಕೇಂದ್ರದವರ ಮಾತು ಸಾಲದು. ಈಗಾಗಲೇ ಸೊಸೈಟಿಯಲ್ಲೋ ಶಾಲೆಯಲ್ಲೋ ಕೆಲಸ ಮಾಡುತ್ತಿರುವವರಿಗೆ, ಬಡ್ತಿಗಾಗಿ ಎಂ.ಎ. ಬೇಕಾದವರಿಗೆ ಇದು ಯೋಗ್ಯ. ಇಗ್ನೋದಲ್ಲಿ ಎಂ.ಎ.ಯನ್ನು ಎರಡರಿಂದ ನಾಲ್ಕು ವರ್ಷಗಳೊಳಗೆ ಮುಗಿಸಬಹುದು, ವರ್ಷಕ್ಕೆರಡು ಬಾರಿ ಪರೀಕ್ಷೆ ಇರುತ್ತದೆ. ಆದರೆ ಅದರ ಗಣಿತದ ಪತ್ರಿಕೆ ಒಬ್ಬರೇ ಕುಳಿತು ಓದುವವರಿಗೆ ಸುಲಭವಲ್ಲ. ಕನ್ನಡದಲ್ಲಿಯೇ ಓದಬೇಕೆನ್ನುವವರು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಕಡೆ ನೋಡುವುದು ಸಹಜ.

ಇಪ್ಪತ್ತೊಂದು ವರ್ಷದ, ಬೇರೆ ಹೊಣೆಯಿಲ್ಲದ ವಿದ್ಯಾರ್ಥಿಗೆ ದೂರಶಿಕ್ಷಣವನ್ನು ನಾನು ಸೂಚಿಸಲಾರೆ. ಗ್ರಂಥಾಲಯದಲ್ಲಿ ಪಕ್ಕದವನು ಏನು ಓದುತ್ತಿದ್ದಾನೆಂದು ನೋಡುವುದು, ಸೆಮಿನಾರಿನಲ್ಲಿ ಎದ್ದುನಿಂತು ಮಾತಾಡಿ ತಿದ್ದಿಸಿಕೊಳ್ಳುವುದು ಅಂಚೆಯಲ್ಲಿ ಬರುವುದಿಲ್ಲ.

ಜಿಲ್ಲೆಯಿಂದ ಹೊರಗೆ

ಪ್ರತಿಭೆಯೂ ಗಣಿತದ ಹಿಡಿತವೂ ಇರುವವರು ಹೊರಗೆ ಹೋಗಬೇಕು, ಅದರಲ್ಲಿ ಸಂಕೋಚ ಬೇಡ. 2017ರಲ್ಲಿ ಆರಂಭವಾದ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ಈ ಒಂದೇ ವಿಷಯಕ್ಕೆಂದು ಕಟ್ಟಿದ ಸಂಸ್ಥೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಪಿಎಚ್.ಡಿ.ಯ ಹಂತದಲ್ಲಿ ನೆನಪಿಡಬೇಕಾದದ್ದು. ಆದರೆ ಮಂಗಳೂರಿನವರು ಮರೆತೇಬಿಡುವ ಆಯ್ಕೆಯೊಂದು ತೀರಾ ಹತ್ತಿರದಲ್ಲಿದೆ. ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಇದೆ, ಬೈಂದೂರಿನವರಿಗೆ ಕೊಣಾಜೆ ಎಷ್ಟು ದೂರವೋ ಮಂಗಳೂರಿನವರಿಗೆ ಪೆರಿಯ ಅದಕ್ಕಿಂತ ಹತ್ತಿರ. ಕೇಂದ್ರೀಯ ವಿಶ್ವವಿದ್ಯಾನಿಲಯವಾದ್ದರಿಂದ ಶುಲ್ಕ ಕಡಿಮೆ, ದೇಶದ ಬೇರೆಬೇರೆ ಕಡೆಯ ಸಹಪಾಠಿಗಳು ಸಿಗುತ್ತಾರೆ. ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಆ ಪರೀಕ್ಷೆಗೆ ಅರ್ಜಿ ಹಾಕುವ ಅವಧಿ ಸಾಮಾನ್ಯವಾಗಿ ಪದವಿಯ ಅಂತಿಮ ವರ್ಷದ ಡಿಸೆಂಬರ್-ಜನವರಿಯ ಹೊತ್ತಿಗೆ ಬಂದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ಯೋಚಿಸೋಣ ಎಂದುಕೊಂಡವರಿಗೆ ಈ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ.

ಹೊರಗೆ ಹೋದವರು ಕಳೆದುಕೊಳ್ಳುವುದೂ ಇದೆ. ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ ಬಲ್ಲವನಿಗೆ ತನ್ನ ಊರಿನಲ್ಲಿ ಸಿಗುವ ಉತ್ತರಗಳು ಬೇರೆಲ್ಲೂ ಸಿಗುವುದಿಲ್ಲ. ಹೊರಗೆ ಓದಿದರೂ ಕಿರುಪ್ರಬಂಧಕ್ಕೆ ಇಲ್ಲಿಗೇ ಬರುವುದು ಒಳ್ಳೆಯ ಮಾರ್ಗ.

ಸೊಸೈಟಿ, ಪಂಚಾಯತು, ಸ್ವಸಹಾಯ ಸಂಘಗಳಿಗೆ

ಈಗ ಎರಡನೆಯ ಪ್ರಶ್ನೆ. ಒಂದು ವ್ಯವಸಾಯ ಸೇವಾ ಸಹಕಾರಿ ಸಂಘಕ್ಕೆ ತನ್ನ ಸದಸ್ಯರಲ್ಲಿ ಯುವಕರು ಏಕೆ ಕಡಿಮೆಯಾಗುತ್ತಿದ್ದಾರೆ, ಅಡಿಕೆಯ ಎಲೆಚುಕ್ಕಿ ರೋಗದ ನಂತರ ಸಾಲ ಮರುಪಾವತಿಯ ಶಕ್ತಿ ಎಷ್ಟು ಕುಂದಿದೆ ಎಂದು ತಿಳಿಯಬೇಕಾಗಿದೆ ಎನ್ನೋಣ. ಅದರ ಮುಂದೆ ಮೂರು ದಾರಿಗಳಿವೆ: ಖಾಸಗಿ ಸಲಹೆಗಾರರು, ಹತ್ತಿರದ ಪದವಿ ಕಾಲೇಜು, ವಿಶ್ವವಿದ್ಯಾನಿಲಯದ ವಿಭಾಗ.

ಗೋದಾಮು ಕಟ್ಟಲು ಸಾಲ ಬೇಕು, ಒಂದು ತಿಂಗಳಲ್ಲಿ ಯೋಜನಾ ವರದಿ ಬೇಕು ಎಂದಾದರೆ ಲೆಕ್ಕಪರಿಶೋಧಕರೋ ಸಲಹೆಗಾರರೋ ಸರಿ. ವಿಶ್ವವಿ­ದ್ಯಾನಿಲಯಕ್ಕೆ ಹೋಗಿ ಸಮಯ ಕಳೆಯಬಾರದು. ಮನೆಮನೆಗೆ ಹೋಗಿ ಎಣಿಕೆ ಮಾಡುವ ಕೆಲಸವಾದರೆ ಪದವಿ ಕಾಲೇಜಿನ ಅರ್ಥಶಾಸ್ತ್ರ ವಿಭಾಗ ಮತ್ತು ಎನ್.ಎಸ್.ಎಸ್. ಘಟಕ ಸಾಕು, ಅವರಿಗೆ ಊರೂ ಗೊತ್ತು, ಭಾಷೆಯೂ ಗೊತ್ತು. ಆದರೆ ಕಾರಣ ತಿಳಿಯಬೇಕು, ಆಡಳಿತ ಮಂಡಳಿಗೆ ಹಿತವಾಗದ ಉತ್ತರವಾದರೂ ಪರವಾಗಿಲ್ಲ ಎಂದಾದರೆ ಸಂಶೋಧನೆ ನಡೆಸುವ ವಿಭಾಗಕ್ಕೇ ಹೋಗಬೇಕು. ಅದರ ವೆಚ್ಚ ಸಲಹೆಗಾರರಿಗಿಂತ ಕಡಿಮೆ. ಬಹುಪಾಲು ಪ್ರಯಾಣ, ಊಟ, ಮುದ್ರಣದ ಖರ್ಚು. ಬೆಲೆ ತೆರಬೇಕಾದದ್ದು ಸಮಯದಲ್ಲಿ. ವಿಭಾಗದ ಕೆಲಸ ಸೆಮಿಸ್ಟರಿನ ಕ್ಯಾಲೆಂಡರಿನಂತೆ ನಡೆಯುತ್ತದೆ, ಪರೀಕ್ಷೆ ಬಂದರೆ ಸಮೀಕ್ಷೆ ನಿಲ್ಲುತ್ತದೆ, ಅದಕ್ಕೆ ಸಂಘ ಸಿದ್ಧವಿರಬೇಕು.

ಹೋಗುವ ಮುನ್ನ ಏನು ತಿಳಿಯಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. 'ನಮ್ಮ ಸದಸ್ಯರ ಸಾಮಾಜಿಕ-ಆರ್ಥಿಕ ಅಧ್ಯಯನ' ಎಂದು ಕೇಳಿದರೆ ನೂರು ಪುಟದ ವರದಿ ಬರುತ್ತದೆ, ಯಾರೂ ಓದುವುದಿಲ್ಲ. 'ಕಳೆದ ಐದು ವರ್ಷಗಳಲ್ಲಿ ನಮ್ಮಲ್ಲಿ ಬೆಳೆಸಾಲ ನಿಲ್ಲಿಸಿದವರು ಈಗ ಎಲ್ಲಿ ಸಾಲ ಪಡೆಯುತ್ತಿದ್ದಾರೆ, ಏಕೆ?' ಎಂದು ಕೇಳಿದರೆ ಉತ್ತರ ಸಿಗುತ್ತದೆ. ಸದಸ್ಯರ ಹೆಸರು, ಖಾತೆ ಸಂಖ್ಯೆ, ಸಾಲದ ವಿವರಗಳನ್ನು ವಿದ್ಯಾರ್ಥಿಗಳ ಕೈಗೆ ಹಾಗೆಯೇ ಕೊಡಬೇಡಿ. ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ ಕೊಡಿ. ಒಳ್ಳೆಯ ವಿಭಾಗವಾದರೆ ಈ ಮಾತನ್ನು ಅವರೇ ಮೊದಲು ಎತ್ತುತ್ತಾರೆ. ಎತ್ತದಿದ್ದರೆ ಅಲ್ಲಿನ ಸಂಶೋಧನಾ ಶಿಸ್ತಿನ ಬಗ್ಗೆ ಸಂದೇಹಪಡಲು ಕಾರಣವಿದೆ, ವಿದ್ಯಾರ್ಥಿಗಳೂ ಇದನ್ನು ಗಮನಿಸಬಹುದು. ಕೊನೆಯದಾಗಿ, ವಿಭಾಗಕ್ಕೆ ಸಲ್ಲುವ ಪ್ರಬಂಧ ಇಂಗ್ಲಿಷಿನಲ್ಲಿದ್ದರೂ, ಹತ್ತು ಪುಟಗಳ ಕನ್ನಡ ಸಾರಾಂಶವೊಂದು ಸೆಪ್ಟೆಂಬರಿನ ಮಹಾಸಭೆಗೆ ಒಂದು ತಿಂಗಳು ಮೊದಲು ಸಂಘದ ಕಚೇರಿಗೆ ತಲುಪಬೇಕೆಂದು ಆರಂಭದಲ್ಲೇ ಪತ್ರದಲ್ಲಿ ಬರೆಸಿಕೊಳ್ಳಿ.